ವಸ್ತುವಿನ ಸುತ್ತ ಹರಿವು, ಎರಡು ಆಯಾಮದ ಮೆಶ್: ಪುಣೆಯ ಕನ್ನಡ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಹುಬ್ಬಳ್ಳಿ, ಬಾಗಲಕೋಟೆ, ಕಲಬುರಗಿ ಕಡೆ ಮೆಕ್ಯಾನಿಕಲ್ ಅಥವಾ ಸಿವಿಲ್ ಓದಿ ಪುಣೆಗೆ ಬರುವ ಹುಡುಗ ಹುಡುಗಿಯರು ಬಹಳ ಜನ. ಹಿಂಜವಡಿ, ಚಿಂಚವಡ, ಚಾಕಣದ ಕಂಪನಿಗಳಲ್ಲಿ ಎಷ್ಟೋ ಜನಕ್ಕೆ ಮೊದಲು ಸಿಗುವ ಕೆಲಸ ಮೆಶಿಂಗ್, ಅಂದರೆ ನೀರು ಅಥವಾ ಗಾಳಿ ಹರಿಯುವ ಜಾಗವನ್ನು ಕಂಪ್ಯೂಟರ್ ಲೆಕ್ಕಕ್ಕಾಗಿ ಸೆಲ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವುದು. ಆ ತುಂಡುಗಳ ಬಲೆಯೇ ಮೆಶ್. ಯಾವ ಬಟನ್ ಎಲ್ಲಿದೆ ಅನ್ನೋದು ಬೇಗ ಗೊತ್ತಾಗುತ್ತದೆ. ಸೆಲ್ ಎಲ್ಲಿ ಸಣ್ಣದಿರಬೇಕು, ಯಾಕೆ ಸಣ್ಣದಿರಬೇಕು ಅಂತ ಕೂರಿಸಿಕೊಂಡು ಹೇಳುವವರು ಕಡಿಮೆ. ಈ ಪುಟ ಅವರಿಗಾಗಿ. ಇಲ್ಲಿನ ಉತ್ತರಗಳೆಲ್ಲ ಒಂದೇ ಮಾತಿನ ಮೇಲೆ ನಿಂತಿವೆ: ಹರಿವು ಎಲ್ಲಿ ಬೇಗ ಬೇಗ ಬದಲಾಗುತ್ತದೋ ಅಲ್ಲಿ ಸೆಲ್ ಜಾಸ್ತಿ ಬೇಕು. ಆದ್ದರಿಂದ ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ವಸ್ತು ಬಿಡಿಸಿ. ನೀರು ಅಥವಾ ಗಾಳಿ ಅದರ ಸುತ್ತ ಹೇಗೆ ಹೋಗಬಹುದು ಅಂತ ಪೆನ್ಸಿಲಿನಲ್ಲಿ ಗೀಚಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಜಗತ್ತು ಮೂರು ಆಯಾಮದ್ದು. ಎರಡು ಆಯಾಮದಲ್ಲಿ ಮಾಡಿದ ಲೆಕ್ಕ ನಂಬಬಹುದಾ?

ಕೆಲವು ಕಡೆ ನಂಬಬಹುದು, ಕೆಲವು ಕಡೆ ಆಗೋದಿಲ್ಲ. ಎಲ್ಲಿ ಯಾವುದು ಅಂತ ಗೊತ್ತಿರಬೇಕು, ಅಷ್ಟೇ.

ವಸ್ತು ಉದ್ದವಾಗಿದ್ದು, ಉದ್ದಕ್ಕೂ ಒಂದೇ ಆಕಾರ ಇದ್ದು, ಹರಿವು ಅದಕ್ಕೆ ಅಡ್ಡವಾಗಿ ಬಂದರೆ ಎರಡು ಆಯಾಮದ ಲೆಕ್ಕಕ್ಕೆ ಅರ್ಥವಿದೆ. ಮುಂಬೈನ ಬಾಂದ್ರಾ ವರ್ಲಿ ಸೀ ಲಿಂಕ್‌ನ ಕೇಬಲ್, ಕಾರ್ಖಾನೆಯ ಚಿಮಣಿಯ ನಡುಭಾಗ, ವಿಮಾನದ ರೆಕ್ಕೆಯ ಒಂದು ಅಡ್ಡಕೊಯ್ತ, ಇಂಥವು. ಆದರೆ ಸಿಲಿಂಡರಿನ ಸುತ್ತ ರೆನಾಲ್ಡ್ಸ್ ಸಂಖ್ಯೆ (ವೇಗವನ್ನು ವಸ್ತುವಿನ ಅಳತೆಯಿಂದ ಗುಣಿಸಿ, ಕೈನೆಮ್ಯಾಟಿಕ್ ವಿಸ್ಕಾಸಿಟಿ, ಅಂದರೆ ಸ್ನಿಗ್ಧತೆಯಿಂದ ಭಾಗಿಸಿದ್ದು) ಸುಮಾರು 190 ದಾಟಿದರೆ ಹಿಂದಿನ ಸುಳಿಗಳು ಉದ್ದದ ದಿಕ್ಕಿನಲ್ಲೂ ಮುರಿಯಲು ಶುರು ಮಾಡುತ್ತವೆ. ಅಲ್ಲಿಂದ ಮೇಲೆ ಎರಡು ಆಯಾಮದ ಲೆಕ್ಕ ಸುಳಿಗಳನ್ನು ನಿಜಕ್ಕಿಂತ ಬಲವಾಗಿ ತೋರಿಸುತ್ತದೆ. ಡ್ರ್ಯಾಗ್ (ಹರಿವಿನ ದಿಕ್ಕಿನಲ್ಲಿ ವಸ್ತುವಿನ ಮೇಲೆ ಬೀಳುವ ಬಲ), ಲಿಫ್ಟ್ (ಅದಕ್ಕೆ ಅಡ್ಡ ದಿಕ್ಕಿನ ಬಲ) ಎರಡೂ ಜಾಸ್ತಿ ಬರುತ್ತವೆ.

ಸೇತುವೆಯ ಕಂಬದ ವಿಷಯ ಬೇರೆ. ಮುಳಾ ನದಿಯ ಒಂದು ಕಂಬವನ್ನು ಮೇಲಿನಿಂದ ನೋಡಿದಂತೆ ಎರಡು ಆಯಾಮದಲ್ಲಿ ಮೆಶ್ ಮಾಡಿದರೆ ಹಿಂದೆ ಸುಳಿ ಬಿಡುವುದು ಕಾಣುತ್ತದೆ. ಆದರೆ ಕಂಬದ ಬುಡದಲ್ಲಿ ಮರಳು ಕೊರೆಯುವ ಕುದುರೆ ಲಾಳದ ಆಕಾರದ ಸುಳಿ ಅದರಲ್ಲಿ ಹುಟ್ಟುವುದೇ ಇಲ್ಲ. ಆ ಸುಳಿಗೆ ಆಳದ ದಿಕ್ಕು ಬೇಕೇ ಬೇಕು. ಪುಣೆಯ ಪಕ್ಕದ ಖಡಕ್‌ವಾಸ್ಲಾದಲ್ಲಿ 1916ರಲ್ಲಿ ಶುರುವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕಂಪ್ಯೂಟರ್ ಲೆಕ್ಕದ ಜೊತೆಗೆ ನೀರು ಹರಿಸುವ ಮಾದರಿಗಳನ್ನೂ ಕಟ್ಟುತ್ತಾರೆ. ಬುಡ ಕೊರೆತದಂಥ ಪ್ರಶ್ನೆಗೆ ಎರಡು ಆಯಾಮದ ಚಿತ್ರ ತೋರಿಸಿ ಉತ್ತರ ಕೊಡಬೇಡಿ.

ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ಮೆಶ್‌ಗೆ ಜಿಮೆಶ್, ಲೆಕ್ಕಕ್ಕೆ ಓಪನ್‌ಫೋಮ್ ಅಥವಾ ಎಸ್‌ಯು2. ಮೂರೂ ಉಚಿತ. ಜಿಮೆಶ್ ಅನ್ನು ಕ್ರಿಸ್ತೋಫ್ ಗೂಝೇನ್ ಮತ್ತು ಜಾನ್ ಫ್ರಾಂಸ್ವಾ ರೆಮಾಕ್ಲ್ ಕಟ್ಟಿದರು. ಅದರಲ್ಲಿ ಬಿಂದು, ಗೆರೆ, ಮೇಲ್ಮೈಗಳನ್ನು ಒಂದು ಸಾದಾ ಪಠ್ಯ ಫೈಲಿನಲ್ಲಿ ಬರೆಯಬಹುದು. ಕಲಿಯುವವರಿಗೆ ಇದೇ ದೊಡ್ಡ ಅನುಕೂಲ. ನೀವು ಏನು ತೀರ್ಮಾನ ಮಾಡಿದ್ದೀರಿ ಅನ್ನೋದು ಆ ಫೈಲಿನಲ್ಲಿ ಅಕ್ಷರದಲ್ಲೇ ಇರುತ್ತದೆ. ಮೌಸ್ ಹಿಡಿದು ಎಲ್ಲಿ ಕ್ಲಿಕ್ ಮಾಡಿದೆ ಅಂತ ನೆನಪಿಡಬೇಕಾಗಿಲ್ಲ. ಓಪನ್‌ಫೋಮ್ ಕಲಿಯುವವರು ಉಚಿತ ಸಾಫ್ಟ್‌ವೇರ್ ಕಲಿಸುವ ಐಐಟಿ ಬಾಂಬೆಯ ಫಾಸಿ ಯೋಜನೆಯ ಪಾಠಗಳನ್ನು ನೋಡಿ. ಚೆನ್ನಾಗಿವೆ.

ಕಂಪನಿಯಲ್ಲಿ ಹೈಪರ್‌ಮೆಶ್, ಆನ್ಸಾದಂಥ ಮೆಶ್ ಸಾಫ್ಟ್‌ವೇರ್‌ಗಳಿವೆ. ಆದರೂ ಇದೆಲ್ಲ ಬೇಕಾ?

ಬೇಕು. ಅವು ಒಳ್ಳೆಯ ಉಪಕರಣಗಳೇ. ಆದರೆ ವಸ್ತುವಿಗೆ ತಾಗಿದ ಮೊದಲ ಸೆಲ್ಲಿನ ಎತ್ತರ ಎಷ್ಟು ಅಂತ ಅವೂ ನಿಮ್ಮನ್ನೇ ಕೇಳುತ್ತವೆ.

ವಸ್ತುವಿನ ಸುತ್ತ ಎಷ್ಟು ಜಾಗ ಬಿಡಬೇಕು?

ಹೊಸಬರು ಸಾಮಾನ್ಯವಾಗಿ ಜಾಗ ಕಡಿಮೆ ಬಿಡುತ್ತಾರೆ. ಸಿಲಿಂಡರಿನ ವ್ಯಾಸವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಮುಂದೆ 10ರಿಂದ 15 ವ್ಯಾಸ, ಎರಡೂ ಪಕ್ಕಕ್ಕೆ ಅಷ್ಟಷ್ಟೇ, ಹಿಂದೆ 25ರಿಂದ 30 ವ್ಯಾಸ. ಇದು ಶುರು ಮಾಡಲು ಸರಿಯಾದ ಅಳತೆ. ಪಕ್ಕಕ್ಕೆ 10 ವ್ಯಾಸದಂತೆ ಬಿಟ್ಟರೆ ಒಟ್ಟು ಅಗಲದಲ್ಲಿ ಸಿಲಿಂಡರ್ ಸುಮಾರು 5% ತಡೆಯುತ್ತದೆ. ಅಷ್ಟು ತಡೆ ಇದ್ದರೆ ಪಕ್ಕದಲ್ಲಿ ಹರಿವು ನಿಜಕ್ಕಿಂತ ವೇಗವಾಗಿ ಹೋಗಿ ಡ್ರ್ಯಾಗ್ ಸ್ವಲ್ಪ ಜಾಸ್ತಿ ಬರುತ್ತದೆ. 20 ವ್ಯಾಸದಂತೆ ಬಿಟ್ಟರೆ ತಡೆ 2.5% ಆಗುತ್ತದೆ. ದೂರದ ಸೆಲ್‌ಗಳು ದೊಡ್ಡವು, ಆದ್ದರಿಂದ ಜಾಗ ಹೆಚ್ಚಿಸಿದರೆ ಲೆಕ್ಕದ ಭಾರ ಅಷ್ಟೇನೂ ಏರುವುದಿಲ್ಲ.

ಏರ್‌ಫಾಯಿಲ್‌ಗೆ, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರಕ್ಕೆ, ಇದು ಸಾಲದು. ಲಿಫ್ಟ್ ಇರುವ ವಸ್ತುವಿನ ಪ್ರಭಾವ ಬಹಳ ದೂರ ಹೋಗುತ್ತದೆ. ನಾಸಾದ ಟರ್ಬುಲೆನ್ಸ್ (ಕದಡಿದ ಹರಿವು) ಮಾಡೆಲಿಂಗ್ ಪರೀಕ್ಷೆಗಳಲ್ಲಿ ನಾಕಾ 0012 ಎಂಬ ಏರ್‌ಫಾಯಿಲ್‌ಗೆ ಹೊರಗಡಿಯನ್ನು ಸುಮಾರು 500 ಕಾರ್ಡ್ ದೂರದಲ್ಲಿ ಇಟ್ಟಿದ್ದಾರೆ. ಕಾರ್ಡ್ ಅಂದರೆ ಏರ್‌ಫಾಯಿಲಿನ ಮುಂದಿನ ತುದಿಯಿಂದ ಹಿಂದಿನ ತುದಿಯವರೆಗಿನ ಉದ್ದ. ಅದು ಮಾಡೆಲ್ ಪರೀಕ್ಷಿಸುವವರ ಅಳತೆ. ನಿಮ್ಮ ಮೊದಲ ಲೆಕ್ಕಕ್ಕೆ 50 ಕಾರ್ಡ್ ಸಾಕು. ಮುಗಿದ ಮೇಲೆ 100 ಮಾಡಿ ನೋಡಿ, ಲಿಫ್ಟ್ ಎಷ್ಟು ಬದಲಾಯಿತು ಅಂತ ಬರೆದಿಟ್ಟುಕೊಳ್ಳಿ.

ಗೋವಾದಲ್ಲಿ ಮಾಂಡವಿ ನದಿಯ ಸೇತುವೆ ಕಂಬ ತೆಗೆದುಕೊಂಡಿದ್ದೇನೆ. ಹಿಂದೆ ಮಾತ್ರ ಸಣ್ಣ ಸೆಲ್ ಸಾಕಲ್ವಾ?

ಸಾಲದು. ಮಾಂಡವಿಯಲ್ಲೂ ಜುವಾರಿಯಲ್ಲೂ ಸಮುದ್ರದ ಉಬ್ಬರ ಇಳಿತ ನದಿಯೊಳಗೆ ಬರುತ್ತದೆ. ಪಣಜಿಯ ಹತ್ತಿರ ನೀರು ಒಂದು ಹೊತ್ತು ಸಮುದ್ರದ ಕಡೆ, ಇನ್ನೊಂದು ಹೊತ್ತು ಒಳನಾಡಿನ ಕಡೆ ಹರಿಯುತ್ತದೆ. ಈಗ ಕಂಬದ ಮುಂದೆ ಇರುವುದು ಆಮೇಲೆ ಹಿಂದೆ ಆಗುತ್ತದೆ. ಹಾಗಾಗಿ ಎರಡೂ ಕಡೆ 25 ವ್ಯಾಸ ಬಿಟ್ಟು, ಎರಡೂ ಕಡೆ ಸಣ್ಣ ಸೆಲ್ ಹಾಕಿ. ಇಲ್ಲವಾದರೆ ಉಬ್ಬರಕ್ಕೊಂದು ಇಳಿತಕ್ಕೊಂದು ಮೆಶ್ ಮಾಡಿ ಬೇರೆ ಬೇರೆ ಓಡಿಸಿ. ಕಂಬ ಪೂರ್ತಿ ದುಂಡಗಿದ್ದು, ಹರಿವು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಆಗುತ್ತಿದ್ದರೆ ಒಂದೇ ಮೆಶ್ ಸಾಕು, ವೇಗ ಬದಲಿಸಿದರೆ ಆಯಿತು. ಹಾಳೆಯ ಮೇಲೆ ಮೊದಲು ಹರಿವು ಬಿಡಿಸಿ ಅಂತ ಹೇಳಿದ್ದು ಇಂಥದ್ದಕ್ಕೇ.

ತ್ರಿಕೋನ ಒಳ್ಳೆಯದಾ, ಚತುರ್ಭುಜ ಒಳ್ಳೆಯದಾ?

ದೂರದಲ್ಲಿ ತ್ರಿಕೋನ ಇರಲಿ. ಯಾವ ವಕ್ರ ಆಕಾರವನ್ನಾದರೂ ತಾನಾಗಿ ತುಂಬುತ್ತದೆ. ಬೋರಿಸ್ ಡೆಲೋನೆ 1934ರಲ್ಲಿ ಪ್ರಕಟಿಸಿದ ನಿಯಮವೇ ಇವತ್ತಿಗೂ ಬಹಳಷ್ಟು ಮೆಶರ್‌ಗಳ ಒಳಗಿದೆ. ಯಾವ ತ್ರಿಕೋನದ ಸುತ್ತುವೃತ್ತದೊಳಗೂ ಬೇರೊಂದು ಬಿಂದು ಬೀಳಬಾರದು, ಅಷ್ಟೇ ನಿಯಮ. ಇದರಿಂದ ಚೂಪಾದ ಸಣಕಲು ತ್ರಿಕೋನಗಳು ಆದಷ್ಟು ಕಡಿಮೆಯಾಗುತ್ತವೆ.

ಗೋಡೆಯ, ಅಂದರೆ ವಸ್ತುವಿನ ಮೇಲ್ಮೈಯ, ಹತ್ತಿರ ಮಾತ್ರ ಚತುರ್ಭುಜವೇ ಬೇಕು. ಕಾರಣ ಲೆಕ್ಕದಲ್ಲೇ ಕಾಣುತ್ತದೆ. 1 ಮೀಟರ್ ಉದ್ದದ ಏರ್‌ಫಾಯಿಲ್, ಗೋಡೆಗೆ ತಾಗಿದ ಮೊದಲ ಸೆಲ್ ಪದರ 8 ಮೈಕ್ರಾನ್ ಅಂತಿಟ್ಟುಕೊಳ್ಳಿ. ಏರ್‌ಫಾಯಿಲ್ ಸುತ್ತಳತೆ ಸುಮಾರು 2 ಮೀಟರ್. ಅಗಲ ಎತ್ತರ ಸಮ ಇರುವ ಸೆಲ್ ಹಾಕಿದರೆ ಮೊದಲ ಪದರಕ್ಕೇ 2.5 ಲಕ್ಷ ಸೆಲ್ ಬೇಕು. ಚತುರ್ಭುಜವನ್ನು ಗೋಡೆಯ ಉದ್ದಕ್ಕೆ ಎಳೆದು 2 ಮಿಲಿಮೀಟರ್ ಮಾಡಿದರೆ 1000 ಸೆಲ್ ಸಾಕು. ಗೋಡೆಯ ಉದ್ದಕ್ಕೆ ಹರಿವು ನಿಧಾನವಾಗಿ ಬದಲಾಗುತ್ತದೆ, ಗೋಡೆಯಿಂದ ಹೊರಗೆ ಹೋಗುವಾಗ ತುಂಬಾ ಬೇಗ ಬದಲಾಗುತ್ತದೆ. ಅದಕ್ಕೇ ಉದ್ದನೆಯ ಸೆಲ್ ಇಲ್ಲಿ ತಪ್ಪಲ್ಲ. ತ್ರಿಕೋನವನ್ನು ಹಾಗೆ ಎಳೆದರೆ ಕೋನಗಳು ಕೆಡುತ್ತವೆ.

ಮೊದಲ ಸೆಲ್ಲಿನ ಎತ್ತರ ಹೇಗೆ ತೆಗೆಯುವುದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ನಿಂತು ನೋಡೋಣ.

ಹರಿವು ಲ್ಯಾಮಿನಾರ್, ಅಂದರೆ ಕದಡದೆ ಪದರ ಪದರವಾಗಿ ಸಾಗುವಂಥದ್ದು, ಆಗಿದ್ದರೆ ಸುಲಭ. ಬೌಂಡರಿ ಲೇಯರ್ (ಗೋಡೆಯ ಪಕ್ಕ ಹರಿವು ನಿಧಾನವಾಗುವ ತೆಳು ಪದರ) ದಪ್ಪ ಹೆಚ್ಚುಕಡಿಮೆ ವ್ಯಾಸವನ್ನು ರೆನಾಲ್ಡ್ಸ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. ರೆನಾಲ್ಡ್ಸ್ 100 ಆದರೆ ದಪ್ಪ ವ್ಯಾಸದ 0.1 ಪಟ್ಟು. ಅದರೊಳಗೆ 10 ಸೆಲ್ ಕೂರಬೇಕು ಅಂದರೆ ಮೊದಲ ಸೆಲ್ ವ್ಯಾಸದ 0.01 ಪಟ್ಟು. ಮುಗಿಯಿತು.

ಟರ್ಬುಲೆಂಟ್ ಆದರೆ ವೈ ಪ್ಲಸ್ ಬರುತ್ತದೆ. ಗೋಡೆಯಿಂದ ಇರುವ ದೂರವನ್ನು ಗೋಡೆಯ ಘರ್ಷಣೆಗೆ ಹೊಂದಿಸಿ ಅಳೆಯುವ ಸಂಖ್ಯೆ ಅದು. ಗೋಡೆಯವರೆಗೂ ಲೆಕ್ಕ ಮಾಡುವ ಮಾಡೆಲ್ ಆದರೆ ವೈ ಪ್ಲಸ್ ಸುಮಾರು 1 ಇರಬೇಕು. ಗೋಡೆ ಪಕ್ಕದ ಹರಿವನ್ನು ಸಿದ್ಧ ಸೂತ್ರದಿಂದ ತುಂಬುವ ವಾಲ್ ಫಂಕ್ಷನ್ ಬಳಸಿದರೆ 30ರಿಂದ 300ರ ನಡುವೆ. 5 ಮತ್ತು 30ರ ನಡುವಿನ ಜಾಗದಲ್ಲಿ ಸಿಕ್ಕಿಕೊಳ್ಳಬೇಡಿ. ಅಲ್ಲಿ ಆ ಎರಡು ದಾರಿಗಳ ಯಾವ ಸೂತ್ರವೂ ಸರಿಯಾಗಿ ಕೂರುವುದಿಲ್ಲ.

ಉದಾಹರಣೆ ಮಾಡೋಣ. ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್, ಕಾರ್ಡ್ 1 ಮೀಟರ್, ಗಾಳಿಯ ಕೈನೆಮ್ಯಾಟಿಕ್ ವಿಸ್ಕಾಸಿಟಿ 0.000015. ರೆನಾಲ್ಡ್ಸ್ ಸಂಖ್ಯೆ ಸುಮಾರು 33 ಲಕ್ಷ. ಚಪ್ಪಟೆ ಹಲಗೆಯ ಅಂದಾಜು ಸೂತ್ರದಂತೆ, ರೆನಾಲ್ಡ್ಸ್ ಸಂಖ್ಯೆಯ 0.2ನೇ ಘಾತದಿಂದ 0.058 ಅನ್ನು ಭಾಗಿಸಿದರೆ ಘರ್ಷಣೆಯ ಗುಣಾಂಕ ಸುಮಾರು 0.0029. ಅದರ ಅರ್ಧದ ವರ್ಗಮೂಲವನ್ನು ವೇಗದಿಂದ ಗುಣಿಸಿದರೆ ಘರ್ಷಣೆ ವೇಗ ಸೆಕೆಂಡಿಗೆ 1.9 ಮೀಟರ್. ವಿಸ್ಕಾಸಿಟಿಯನ್ನು ಇದರಿಂದ ಭಾಗಿಸಿ. ವೈ ಪ್ಲಸ್ 1ಕ್ಕೆ ಬರುವ ದೂರ ಸುಮಾರು 8 ಮೈಕ್ರಾನ್. ಓಪನ್‌ಫೋಮ್‌ನಂತೆ ಸೆಲ್ಲಿನ ನಡುಬಿಂದುವಿನಲ್ಲಿ ಬೆಲೆ ಇಡುವ ಸಾಲ್ವರ್‌ನಲ್ಲಿ (ಹರಿವಿನ ಲೆಕ್ಕ ಮಾಡುವ ಸಾಫ್ಟ್‌ವೇರ್) ಈ ದೂರ ನಡುಬಿಂದುವಿಗೆ. ಪೂರ್ತಿ ಸೆಲ್ಲಿನ ಎತ್ತರ ಅದರ ಎರಡು ಪಟ್ಟು ಇಡಬಹುದು. 8 ಮೈಕ್ರಾನನ್ನೇ ಎತ್ತರ ಮಾಡಿದರೂ ನಷ್ಟವಿಲ್ಲ.

ಇನ್ನೂ ಒಂದು ಹೆಜ್ಜೆ ಇದೆ. ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲ ಸೆಲ್ 8 ಮೈಕ್ರಾನ್, ಪ್ರತಿ ಪದರ ಹಿಂದಿನದರ 1.2 ಪಟ್ಟು ಅಂದರೆ 30 ಪದರಕ್ಕೆ ಒಟ್ಟು ಎತ್ತರ ಸುಮಾರು 9.5 ಮಿಲಿಮೀಟರ್. ಆದರೆ ಕಾರ್ಡಿನ ಕೊನೆಯಲ್ಲಿ ಬೌಂಡರಿ ಲೇಯರ್ ದಪ್ಪ, ಅದೇ ಹಲಗೆಯ ಅಂದಾಜಿನಂತೆ, ಸುಮಾರು 18 ಮಿಲಿಮೀಟರ್. ಅರ್ಧ ಲೇಯರ್ ಪದರಗಳ ಹೊರಗೇ ಉಳಿಯಿತು! 34 ಪದರ ಮಾಡಿದರೆ 19.6 ಮಿಲಿಮೀಟರ್ ಆಗಿ ಪೂರ್ತಿ ಒಳಗೆ ಬರುತ್ತದೆ. ಬರೀ 4 ಪದರದ ವ್ಯತ್ಯಾಸ ಇದು. ಮೊದಲ ಸೆಲ್ ಎಷ್ಟು ಅಂತ ನೋಡಿ ಸುಮ್ನೆ ಬಿಡಬೇಡಿ, ಕೊನೆಯ ಪದರ ಎಲ್ಲಿ ನಿಂತಿತು ಅಂತಲೂ ನೋಡಿ. ಕೊನೆಯ ಪದರದ ಎತ್ತರ, ಅದರಾಚೆಯ ತ್ರಿಕೋನದ ಅಳತೆ ಹತ್ತಿರ ಹತ್ತಿರ ಇರಬೇಕು.

ಈ ಸೂತ್ರಗಳೆಲ್ಲ ಅಂದಾಜು. ಓಡಿಸಿದ ಮೇಲೆ ಸಾಲ್ವರ್ ಕೊಟ್ಟ ವೈ ಪ್ಲಸ್ ನೋಡಿ ತಿದ್ದಬೇಕು.

ಜಿಮೆಶ್‌ನಲ್ಲಿ ವೃತ್ತ ಬಿಡಿಸಿದರೆ ತಪ್ಪು ತೋರಿಸುತ್ತದೆ. ಯಾಕೆ?

ಅದರ ಮೂಲ ಜ್ಯಾಮಿತಿ ವಿಧಾನದಲ್ಲಿ ಒಂದು ಕಮಾನು ಅರ್ಧವೃತ್ತಕ್ಕಿಂತ ಕಡಿಮೆ ಇರಬೇಕು. ನಡುವೆ ಒಂದು ಬಿಂದು, ಸುತ್ತ ನಾಲ್ಕು ಬಿಂದು ಇಟ್ಟು ನಾಲ್ಕು ಕಾಲು ಕಮಾನು ಮಾಡಿ. ಓಪನ್ ಕ್ಯಾಸ್ಕೇಡ್ ವಿಧಾನ ಆರಿಸಿದರೆ ಒಂದೇ ಸಲಕ್ಕೆ ಪೂರ್ತಿ ವೃತ್ತ ಬರುತ್ತದೆ.

ಹೊರಗಿನ ಆಯತಕ್ಕೊಂದು ಸುತ್ತು, ಸಿಲಿಂಡರಿಗೊಂದು ಸುತ್ತು. ಮೇಲ್ಮೈ ಹೇಳುವಾಗ ಮೊದಲು ಹೊರಸುತ್ತು ಬರೆದು, ಆಮೇಲೆ ಒಳಸುತ್ತು ಬರೆದರೆ ಅದು ತೂತಾಗುತ್ತದೆ. ಸಿಲಿಂಡರಿನ ಒಳಗೆ ಮೆಶ್ ತುಂಬಿಕೊಂಡಿದ್ದರೆ ಈ ಸಾಲನ್ನೇ ಮೊದಲು ನೋಡಿ.

ವೃತ್ತವನ್ನು ಎಷ್ಟು ತುಂಡು ಮಾಡಬೇಕು ಅಂತಲೂ ಕೇಳುತ್ತಾರೆ. 40 ನೇರ ತುಂಡು ಮಾಡಿದರೆ ಒಳಗಿನ ಕ್ಷೇತ್ರಫಲ ನಿಜ ವೃತ್ತಕ್ಕಿಂತ ಸುಮಾರು 0.4% ಕಡಿಮೆ. 160 ಮಾಡಿದರೆ ಈ ವ್ಯತ್ಯಾಸ 16ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಏರ್‌ಫಾಯಿಲಿನ ಹಿಂದಿನ ತುದಿಯಲ್ಲಿ ಮೆಶ್ ಕೆಡುತ್ತದೆ.

ನಾಕಾ ನಾಲ್ಕಂಕಿ ಸೂತ್ರವನ್ನು ಹಾಗೇ ಬಳಸಿದರೆ ಹಿಂದಿನ ತುದಿ ಮುಚ್ಚುವುದಿಲ್ಲ. 0012ಕ್ಕೆ ಅಲ್ಲಿ ಕಾರ್ಡಿನ 0.25%ರಷ್ಟು ದಪ್ಪ ಉಳಿಯುತ್ತದೆ. ಸೂತ್ರದ ಕೊನೆಯ ಗುಣಾಂಕ 0.1015 ಇರುವುದನ್ನು 0.1036 ಮಾಡಿದರೆ ತುದಿ ಚೂಪಾಗಿ ಮುಚ್ಚುತ್ತದೆ. ಚೂಪು ತುದಿಗೆ ಏರ್‌ಫಾಯಿಲನ್ನು ಮುಂದಿನಿಂದ ಬಳಸಿ ಹಿಂದಕ್ಕೆ ತೆರೆದಿರುವ ಸಿ ಆಕಾರದ ಮೆಶ್ ಚೆನ್ನಾಗಿ ಹೊಂದುತ್ತದೆ. ಗೋಡೆಯ ಪದರಗಳು ತುದಿ ದಾಟಿ ಹಿಂದಕ್ಕೂ ಹಾಗೇ ಸಾಗುತ್ತವೆ. ಮೊಂಡು ತುದಿಗೆ ಪೂರ್ತಿ ಸುತ್ತುವರಿಯುವ ಓ ಆಕಾರದ್ದು ವಾಸಿ. ತುದಿಯ ದಪ್ಪದಲ್ಲೂ ಕೆಲವು ಸೆಲ್ ಕೂರಿಸಿ.

ಗೋಡೆಯ ಹತ್ತಿರ ಚೆನ್ನಾಗಿದೆ, ಆದರೆ ಹಿಂದೆ ಸುಳಿ ಬೇಗ ಮಾಯವಾಗುತ್ತದೆ.

ವೇಕ್‌ನಲ್ಲಿ, ಅಂದರೆ ವಸ್ತುವಿನ ಹಿಂದಿನ ಕದಡಿದ ಜಾಗದಲ್ಲಿ, ಸೆಲ್ ದೊಡ್ಡದಾಗಿದೆ. ಸುಳಿಗಿಂತ ಸೆಲ್ ಸಣ್ಣದಿರಬೇಕು, ಇಲ್ಲದಿದ್ದರೆ ಲೆಕ್ಕದ ವಿಧಾನವೇ ಸುಳಿಯನ್ನು ಕರಗಿಸುತ್ತದೆ. ಸಿಲಿಂಡರಿನ ಹಿಂದೆ ಕನಿಷ್ಠ 10 ವ್ಯಾಸದವರೆಗೆ, ಪಕ್ಕಕ್ಕೆ 2 ವ್ಯಾಸದಂತೆ ಒಂದು ಪೆಟ್ಟಿಗೆ ಗುರುತಿಸಿ, ಅದರೊಳಗೆ ವ್ಯಾಸದ 0.05 ಪಟ್ಟು ಸೆಲ್ ಹಾಕಿ ನೋಡಿ. ಜಿಮೆಶ್‌ನಲ್ಲಿ ಬಾಕ್ಸ್ ಫೀಲ್ಡ್ ಇದಕ್ಕೇ ಇದೆ. ದೂರಕ್ಕೆ ತಕ್ಕಂತೆ ಸೆಲ್ ನಿಧಾನ ಬೆಳೆಯಬೇಕಾದರೆ ಡಿಸ್ಟನ್ಸ್ ಮತ್ತು ಥ್ರೆಶೋಲ್ಡ್ ಫೀಲ್ಡ್ ಜೋಡಿಸಿ.

ಮುಂಬೈನ ಎರಡು ಎತ್ತರದ ಕಟ್ಟಡಗಳ ನಡುವಿನ ಗಾಳಿ ನೋಡಬೇಕು. ಅದಕ್ಕೂ ಇದೇ ಕ್ರಮವೇ?

ಮೆಶ್ ಕ್ರಮ ಅದೇ. ಎರಡರ ನಡುವಿನ ಸಂದಿನಲ್ಲಿ ಅಡ್ಡಕ್ಕೆ ಕನಿಷ್ಠ 15ರಿಂದ 20 ಸೆಲ್ ಇರಲಿ. ಆದರೆ ನಿಜದ ಗಾಳಿ ಕಟ್ಟಡದ ಮೇಲಿನಿಂದಲೂ ದಾಟುತ್ತದೆ, ನೆಲದಿಂದ ಮೇಲೆ ಹೋದಂತೆ ವೇಗವೂ ಏರುತ್ತದೆ. ಎರಡು ಆಯಾಮದಲ್ಲಿ ಅದು ಬರುವುದಿಲ್ಲ. ಕಲಿಯಲು ಮಾಡಿ. ಕಟ್ಟಡದ ತೀರ್ಮಾನಕ್ಕೆ ಬಳಸಬೇಡಿ.

ಓಪನ್‌ಫೋಮ್ ನನ್ನ ಎರಡು ಆಯಾಮದ ಮೆಶ್ ತೆಗೆದುಕೊಳ್ಳುತ್ತಿಲ್ಲ.

ಓಪನ್‌ಫೋಮ್‌ಗೆ ಯಾವಾಗಲೂ ಮೂರು ಆಯಾಮದ ಮೆಶ್ಶೇ ಬೇಕು. ನಿಮ್ಮ ಮೇಲ್ಮೈಯನ್ನು ಒಂದೇ ಸೆಲ್ಲಿನಷ್ಟು ದಪ್ಪಕ್ಕೆ ಎಕ್ಸ್‌ಟ್ರೂಡ್ ಮಾಡಿ, ಅಂದರೆ ಮೂರನೇ ದಿಕ್ಕಿಗೆ ಎಳೆಯಿರಿ. ಪದರ 1 ಅಂತ ಹೇಳಿ, ರೀಕಂಬೈನ್ ಸೇರಿಸಿ. ಮುಂದಿನ ಮತ್ತು ಹಿಂದಿನ ಮುಖಗಳಿಗೆ ಎಂಪ್ಟಿ ಎಂಬ ಗಡಿ ಕೊಡಿ, ಆ ದಿಕ್ಕಿನಲ್ಲಿ ಲೆಕ್ಕ ಬೇಡ ಅಂತ ಅದರ ಅರ್ಥ.

ಎಡವುವ ಜಾಗ ಮೂರಿವೆ. ಒಂದು, ಫೈಲನ್ನು ಜಿಮೆಶ್‌ನ 2ನೇ ಆವೃತ್ತಿಯ ರೂಪದಲ್ಲಿ ಉಳಿಸಿ, ಓಪನ್‌ಫೋಮ್ ರೂಪಕ್ಕೆ ಪರಿವರ್ತಿಸುವ ಆದೇಶ ಅದನ್ನು ಸರಿಯಾಗಿ ಓದುತ್ತದೆ. ಎರಡು, ಫಿಸಿಕಲ್ ಗುಂಪುಗಳನ್ನು (ಗಡಿ ಮತ್ತು ಒಳಭಾಗಗಳಿಗೆ ಹೆಸರಿಡುವ ಗುಂಪು) ಕೊಟ್ಟರೆ ಜಿಮೆಶ್ ಆ ಗುಂಪುಗಳಲ್ಲಿ ಇರುವುದನ್ನು ಮಾತ್ರ ಉಳಿಸುತ್ತದೆ. ಹರಿವು ಒಳಬರುವ ಇನ್‌ಲೆಟ್, ಹೊರಹೋಗುವ ಔಟ್‌ಲೆಟ್, ಗೋಡೆಗೆ ಹೆಸರು ಕೊಟ್ಟು, ಒಳಗಿನ ಘನಭಾಗಕ್ಕೆ ಫಿಸಿಕಲ್ ವಾಲ್ಯೂಮ್ ಕೊಡದಿದ್ದರೆ ಸೆಲ್ಲೇ ಇಲ್ಲದ ಫೈಲ್ ಬರುತ್ತದೆ. ಮೂರು, ಪರಿವರ್ತನೆಯಾದ ಮೇಲೆ ಎಲ್ಲ ಗಡಿಗಳೂ ಪ್ಯಾಚ್ ಎಂಬ ಒಂದೇ ಬಗೆಯಲ್ಲಿರುತ್ತವೆ. ಪಾಲಿಮೆಶ್ ಫೋಲ್ಡರಿನ ಬೌಂಡರಿ ಫೈಲ್ ತೆರೆದು ಕೈಯಾರೆ ವಾಲ್, ಎಂಪ್ಟಿ ಅಂತ ಬದಲಿಸಬೇಕು.

ಎಸ್‌ಯು2 ಬಳಸುವವರಿಗೆ ಈ ತೊಂದರೆ ಇಲ್ಲ. ಅದು ಎರಡು ಆಯಾಮವನ್ನು ನೇರವಾಗಿ ಓದುತ್ತದೆ, ಜಿಮೆಶ್ ಅದರ ರೂಪದಲ್ಲೇ ಫೈಲ್ ಕೊಡುತ್ತದೆ.

ಮೆಶ್ ಗುಣಮಟ್ಟ ಎಷ್ಟಿದ್ದರೆ ಸಾಕು?

ಓಪನ್‌ಫೋಮ್‌ನಲ್ಲಿ ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಆದೇಶ ನಾನ್ ಆರ್ಥೊಗನಾಲಿಟಿ (ಪಕ್ಕದ ಎರಡು ಸೆಲ್‌ಗಳ ನಡುಬಿಂದು ಸೇರಿಸುವ ಗೆರೆ ಅವುಗಳ ನಡುವಿನ ಮುಖಕ್ಕೆ ಲಂಬದಿಂದ ಎಷ್ಟು ವಾಲಿದೆ ಅನ್ನೋದು) 70 ಡಿಗ್ರಿ ದಾಟಿದರೆ ಎಚ್ಚರಿಸುತ್ತದೆ. ಸ್ಕ್ಯೂನೆಸ್ (ಆ ಗೆರೆ ಮುಖದ ನಡುಬಿಂದುವಿನಿಂದ ಎಷ್ಟು ದೂರ ಹಾಯುತ್ತದೆ ಅನ್ನೋದು) 4 ದಾಟಿದರೆ ತಪ್ಪು ಅನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡು ಆಯಾಮದಲ್ಲಿ 50 ಡಿಗ್ರಿ ದಾಟಲು ಬಿಡಬಾರದು. ಇಲ್ಲಿ ನಮ್ಮ ಕೈಯಲ್ಲಿ ಸಮಯವೂ ಇದೆ, ಎಲ್ಲ ಸೆಲ್ ಕಣ್ಣಿಗೂ ಕಾಣುತ್ತವೆ. ಕೆಟ್ಟ ಸೆಲ್ ಎಷ್ಟಿವೆ ಅನ್ನೋದಕ್ಕಿಂತ ಎಲ್ಲಿವೆ ಅನ್ನೋದು ಮುಖ್ಯ. ಹೊರಗಡಿಯ ಮೂಲೆಯಲ್ಲಿ ಒಂದು ಕೆಟ್ಟ ಸೆಲ್ ಇದ್ದರೆ ತೊಂದರೆ ಅಷ್ಟಿಲ್ಲ. ಹರಿವು ಗೋಡೆ ಬಿಟ್ಟು ಏಳುವ ಜಾಗದಲ್ಲಿ ಇದ್ದರೆ ಉತ್ತರವೇ ಬದಲಾಗುತ್ತದೆ.

ಉತ್ತರ ಸರಿ ಅಂತ ಹೇಗೆ ತಿಳಿಯುವುದು?

ಗೊತ್ತಿರುವ ಉತ್ತರದ ಜೊತೆ ಹೋಲಿಸಿ. ಶೇಫರ್ ಮತ್ತು ಟುರೆಕ್ 1996ರಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಹೇಳಿ ಮಾಡಿಸಿದ್ದು. 2.2 ಮೀಟರ್ ಉದ್ದ, 0.41 ಮೀಟರ್ ಎತ್ತರದ ಕಾಲುವೆ. ಒಳಗೆ 0.1 ಮೀಟರ್ ವ್ಯಾಸದ ಸಿಲಿಂಡರ್. ಅದರ ನಡುಬಿಂದು ಇನ್‌ಲೆಟ್‌ನಿಂದ 0.2, ಕೆಳಗಿನ ಗೋಡೆಯಿಂದ 0.2 ಮೀಟರ್. ನೋಡಿ, ಕೆಳಗೆ 0.15 ಜಾಗ, ಮೇಲೆ 0.16. ಈ ಸಣ್ಣ ವ್ಯತ್ಯಾಸದಿಂದಲೇ ರೆನಾಲ್ಡ್ಸ್ 20ರಲ್ಲಿ 0.0104ರಿಂದ 0.0110ರವರೆಗಿನ ಪುಟ್ಟ ಲಿಫ್ಟ್ ಬರುತ್ತದೆ. ಡ್ರ್ಯಾಗ್ ಗುಣಾಂಕ 5.57ರಿಂದ 5.59. ಡ್ರ್ಯಾಗ್ ಒರಟು ಮೆಶ್‌ನಲ್ಲೂ ಹತ್ತಿರ ಬಂದುಬಿಡುತ್ತದೆ. ಆ ಪುಟ್ಟ ಲಿಫ್ಟ್ ಸರಿ ಬರಬೇಕಾದರೆ ಮೆಶ್ ನಿಜಕ್ಕೂ ಚೆನ್ನಾಗಿರಬೇಕು. ಅದಕ್ಕೇ ನನಗೆ ಈ ಪರೀಕ್ಷೆ ಇಷ್ಟ. ರೆನಾಲ್ಡ್ಸ್ 100ರಲ್ಲಿ ಸುಳಿ ಬಿಡುತ್ತದೆ. ಅಲ್ಲಿ ಗರಿಷ್ಠ ಡ್ರ್ಯಾಗ್ 3.22ರಿಂದ 3.24, ಸುಳಿ ಎಷ್ಟು ಬೇಗ ಬೇಗ ಬಿಡುತ್ತದೆ ಅಂತ ಅಳೆಯುವ ಸ್ಟ್ರೌಹಾಲ್ ಸಂಖ್ಯೆ 0.295ರಿಂದ 0.305.

ಗೋಡೆಗಳಿಲ್ಲದ ತೆರೆದ ಹರಿವಿನಲ್ಲಿ ಸಂಖ್ಯೆ ಬೇರೆ. ಅಲ್ಲಿ ರೆನಾಲ್ಡ್ಸ್ 100ಕ್ಕೆ ಸ್ಟ್ರೌಹಾಲ್ ಸುಮಾರು 0.165, ಸರಾಸರಿ ಡ್ರ್ಯಾಗ್ ಸುಮಾರು 1.35. ರೆನಾಲ್ಡ್ಸ್ ಸುಮಾರು 47ಕ್ಕಿಂತ ಕೆಳಗೆ ಸುಳಿ ಬಿಡುವುದೇ ಇಲ್ಲ, ಸುಮಾರು 5ರಿಂದ 47ರವರೆಗೆ ಹಿಂದೆ ಎರಡು ಸುಳಿ ಅಂಟಿಕೊಂಡಿರುತ್ತವೆ. ಒಂದರ ಉತ್ತರವನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಓಪನ್‌ಫೋಮ್‌ನಲ್ಲಿ ಗುಣಾಂಕ ಕೇಳುವಾಗ ಕ್ಷೇತ್ರಫಲದ ಜಾಗದಲ್ಲಿ ವ್ಯಾಸ ಗುಣಿಸು ಎಕ್ಸ್‌ಟ್ರೂಡ್ ದಪ್ಪ ಕೊಡಿ. ಡ್ರ್ಯಾಗ್ ಸರಿಯಾಗಿ 10 ಪಟ್ಟು ಆಚೀಚೆ ಬಂತು ಅಂದರೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ನಿಮ್ಮದೇ ಹೊಸ ವಸ್ತುವಿಗೆ ಗೊತ್ತಿರುವ ಉತ್ತರ ಇರುವುದಿಲ್ಲ. ಆಗ ಮೂರು ಮೆಶ್ ಮಾಡಿ, ಪ್ರತಿ ಸಲ ಸೆಲ್ ಅಳತೆ ಅರ್ಧ. ಡ್ರ್ಯಾಗ್ 1.40, 1.36, 1.35 ಬಂತು ಅಂತಿಟ್ಟುಕೊಳ್ಳಿ. ವ್ಯತ್ಯಾಸ ಮೊದಲು 0.04, ಆಮೇಲೆ 0.01. ನಾಲ್ಕರಲ್ಲಿ ಒಂದಾಗಿದೆ, ಅಂದರೆ ಎರಡನೇ ದರ್ಜೆಯ ವಿಧಾನ (ಸೆಲ್ ಅಳತೆ ಅರ್ಧವಾದರೆ ತಪ್ಪು ಕಾಲು ಭಾಗಕ್ಕೆ ಇಳಿಯುವಂಥದ್ದು) ಸರಿಯಾಗಿ ಕೆಲಸ ಮಾಡುತ್ತಿದೆ. 0.01ನ್ನು 3ರಿಂದ ಭಾಗಿಸಿ 1.35ರಿಂದ ಕಳೆದರೆ 1.347. ಸೆಲ್ ಅಳತೆ ಸೊನ್ನೆಗೆ ಹೋದರೆ ಇಲ್ಲಿ ತಲುಪಬಹುದು. ಪ್ಯಾಟ್ರಿಕ್ ರೋಚ್ 1994ರಲ್ಲಿ ಮುಂದಿಟ್ಟ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್‌ನಂತೆ 1.25ರ ಸುರಕ್ಷತಾ ಗುಣಕ ಸೇರಿಸಿದರೆ ಅನಿಶ್ಚಿತತೆ ಸುಮಾರು 0.3%. ವರದಿಯಲ್ಲಿ ಈ ಸಂಖ್ಯೆ ಬರೆಯಿರಿ.

ಲ್ಯಾಪ್‌ಟಾಪ್‌ನಲ್ಲಿ ಆಗುತ್ತದಾ?

ಆಗುತ್ತದೆ. ಮೇಲಿನ ಸಿಲಿಂಡರ್ ಪರೀಕ್ಷೆಗೆ ಕೆಲವು ಹತ್ತು ಸಾವಿರ ಸೆಲ್ ಸಾಕು. ಆದರೆ ಸೆಲ್ ಅಳತೆ ಅರ್ಧ ಮಾಡಿದರೆ ಸೆಲ್ 4 ಪಟ್ಟು ಆಗುತ್ತದೆ, ಟೈಮ್ ಸ್ಟೆಪ್ (ಲೆಕ್ಕ ಒಂದೊಂದು ಹೆಜ್ಜೆಗೆ ಮುಂದೆ ಸಾಗುವ ಸಮಯ) ಕೂಡ ಅರ್ಧ ಮಾಡಬೇಕು. ಒಟ್ಟು ಕೆಲಸ 8 ಪಟ್ಟು. ಒರಟು ಮೆಶ್ ಒಂದು ಗಂಟೆ ತೆಗೆದುಕೊಂಡರೆ ಮೂರನೆಯದು 64 ಗಂಟೆ. ಮೂರು ಮೆಶ್ ಯೋಜನೆ ಹಾಕುವಾಗ ಕೊನೆಯದರ ಸಮಯವನ್ನು ಮೊದಲೇ ಲೆಕ್ಕ ಹಾಕಿ.

ವಸ್ತು ಚಲಿಸುತ್ತಿದ್ದರೆ ಪ್ರತಿ ಸಲ ಹೊಸ ಮೆಶ್ ಮಾಡಬೇಕಾ?

ಬೇಕಾಗಿಲ್ಲ. ಚಲನೆ ಸಣ್ಣದಾದರೆ ಇರುವ ಮೆಶ್ಶನ್ನೇ ಎಳೆದು ಒತ್ತಿ ಹೊಂದಿಸಬಹುದು. ದೊಡ್ಡದಾದರೆ ಒಂದರ ಮೇಲೊಂದು ಕೂರುವ ಓವರ್‌ಸೆಟ್ ಮೆಶ್ ಇದೆ.

ಇನ್ನೊಂದು ದಾರಿ ಇಮರ್ಸ್ಡ್ ಬೌಂಡರಿ. ಚಾರ್ಲ್ಸ್ ಪೆಸ್ಕಿನ್ 1972ರಲ್ಲಿ ಹೃದಯದ ಕವಾಟದ ಸುತ್ತ ರಕ್ತದ ಹರಿವು ಲೆಕ್ಕ ಹಾಕಲು ಇದನ್ನು ಕಂಡುಹಿಡಿದರು. ಮೆಶ್ ಬರೀ ಚೌಕಗಳು, ವಸ್ತುವಿನ ಆಕಾರಕ್ಕೆ ಹೊಂದುವುದೇ ಇಲ್ಲ. ವಸ್ತು ಇರುವ ಜಾಗದಲ್ಲಿ ಸಮೀಕರಣಕ್ಕೆ ಒಂದು ಬಲ ಸೇರಿಸಿ, ಅಲ್ಲಿ ಗೋಡೆ ಇದೆ ಅಂತ ಹರಿವಿಗೆ ತಿಳಿಸುತ್ತಾರೆ. ಕವಾಟ, ಮೀನಿನ ಬಾಲ, ಬಡಿಯುವ ರೆಕ್ಕೆ ಇಂಥವುಗಳಿಗೆ ಇದು ಬಹಳ ಸೊಗಸಾಗಿ ಕೆಲಸ ಮಾಡುತ್ತದೆ. ರೆನಾಲ್ಡ್ಸ್ ಸಂಖ್ಯೆ ಲಕ್ಷಗಳಲ್ಲಿದ್ದರೆ ಮಾತ್ರ ಕಷ್ಟ. ಚೌಕವನ್ನು ಗೋಡೆಯ ಉದ್ದಕ್ಕೆ ಎಳೆಯಲು ಆಗುವುದಿಲ್ಲ, ಮೇಲೆ ನೋಡಿದ 2.5 ಲಕ್ಷ ಸೆಲ್ಲಿನ ಲೆಕ್ಕ ಮತ್ತೆ ಎದುರಿಗೆ ಬರುತ್ತದೆ.

ಮಿಲಿಮೀಟರ್‌ನಲ್ಲಿ ಬಿಡಿಸಿದ್ದೇನೆ, ಪರವಾಗಿಲ್ವಾ?

ಬಿಡಿಸುವುದು ಹೇಗೂ ಇರಲಿ, ಓಪನ್‌ಫೋಮ್ ಓದುವುದು ಮೀಟರ್ ಅಂತಲೇ. ಮೆಶ್ ಒಳಗೆ ಬಂದ ಮೇಲೆ 0.001ರಿಂದ ಅಳತೆ ಇಳಿಸಿ, ಚೆಕ್‌ಮೆಶ್ ತೋರಿಸುವ ಒಟ್ಟು ಉದ್ದ ಅಗಲವನ್ನು ನಿಮ್ಮ ಹಾಳೆಯ ಮೇಲಿನ ಅಳತೆಗೆ ಹೋಲಿಸಿ.